ವೈರ್ ಎಣಿಸಬೇಡಿ, ಜಾಯಿಂಟ್ ಎಣಿಸಿ

ಹಳೇ ಬುಲೆಟ್ಟನ್ನೋ ಆರ್‌ಎಕ್ಸ್ 100ನ್ನೋ ಬಿಚ್ಚಿ ಕೆಫೆ ರೇಸರ್ (ಬೋಳು ಮೈಯ, ತಗ್ಗು ಹ್ಯಾಂಡಲ್ಲಿನ ರೇಸ್ ನೋಟದ ಬೈಕು) ಮಾಡಿಸುವವರಿಗೆ ಒಂದೇ ಹಟ: ಫ್ರೇಮಿನ ಮೇಲೆ ಒಂದೂ ವೈರು ಕಾಣಬಾರದು. ಸೈಡ್ ಬಾಕ್ಸ್ ಹೋಯಿತು, ದೊಡ್ಡ ಹೆಡ್‌ಲೈಟ್ ಡೋಮ್ ಹೋಯಿತು, ಸೀಟಿನಡಿ ಜಾಗವೂ ಇಲ್ಲ. ಆಗ ಕಂಪನಿ ವೈರಿಂಗ್ ಕಿಟ್ ಒಂದು ಪೀಡೆಯಂತೆ ಕಾಣುತ್ತದೆ. ಕಟಿಂಗ್ ಪ್ಲೇಯರ್ ಹಿಡಿದು ಕೂತರೆ ಸಂಜೆಯೊಳಗೆ ಅರ್ಧ ಕಿಟ್ಟು ನೆಲದ ಮೇಲಿರುತ್ತದೆ, ಬೈಕೂ ಸ್ಟಾರ್ಟ್ ಆಗುತ್ತದೆ. ಮಾಲೀಕ ಖುಷಿಯಾಗಿ ಒಯ್ಯುತ್ತಾನೆ. ತೊಂದರೆ ಬರುವುದು ಶಿರಾ ದಾಟಿದ ಮೇಲೆ ರಾತ್ರಿ ಹೊತ್ತಿನಲ್ಲಿ, ಇಲ್ಲವೇ ನಂದಿ ಬೆಟ್ಟದ ತಿರುವಿನಲ್ಲಿ, ಮಂಜು ಬಿದ್ದು ಎಲ್ಲ ಒದ್ದೆಯಾದಾಗ.

ಫ್ರೇಮಿನೊಳಗೆ ಅಲುಗದಂತೆ ಕಟ್ಟಿಟ್ಟ ತಾಮ್ರದ ವೈರು ತಾನಾಗಿ ಕೆಡುವುದು ಅಪರೂಪ. ಕೆಡುವುದು ವೈರಿನ ತುದಿ: ಕಪ್ಲರ್ (ವೈರುಗಳನ್ನು ಕೂಡಿಸುವ ಪ್ಲಾಸ್ಟಿಕ್ ಪ್ಲಗ್), ಥಿಂಬಲ್ (ವೈರಿನ ತುದಿಗೆ ಒತ್ತುವ ಲೋಹದ ಕೊಂಡಿ), ಸ್ವಿಚ್ಚಿನ ಬೆಸುಗೆ, ಅರ್ಥ್ (ಕರೆಂಟು ಬ್ಯಾಟರಿ ನೆಗೆಟಿವ್‌ಗೆ ಹಿಂತಿರುಗುವ ದಾರಿ) ಬೋಲ್ಟು, ಮಧ್ಯದಲ್ಲಿ ತಿರುಚಿ ಟೇಪ್ ಸುತ್ತಿದ ಜೋಡಣೆ. ಹಾಗಾಗಿ ಸರಳ ವೈರಿಂಗ್ ಅಂದರೆ ಜಾಯಿಂಟು ಕಡಿಮೆ ಇರುವ ವೈರಿಂಗ್. ಹತ್ತು ವೈರು ಉಳಿಸಿ ಹದಿನೈದು ಹೊಸ ಜಾಯಿಂಟು ಹುಟ್ಟಿಸಿದರೆ ಅಲ್ಲಿ ಸರಳವಾದದ್ದು ಏನೂ ಇಲ್ಲ. ಹಾಗೆಯೇ, ಅರ್ಥಿಗೆಂದು ಒಂದು ವೈರು ಹೆಚ್ಚಿಗೆ ಎಳೆದು ನಾಲ್ಕು ತುಕ್ಕು ಹಿಡಿಯುವ ಬೋಲ್ಟುಗಳಿಂದ ಬಿಡುಗಡೆ ಪಡೆದರೆ ಅದು ಲಾಭದ ವ್ಯಾಪಾರ.

ಕೈ ಹಾಕುವ ಮುಂಚೆ ಬೈಕ್ ಯಾವ ಕಾಲದ್ದು ನೋಡಿ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಯಲ್ಲಿ ಇಂಜೆಕ್ಷನ್, ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಸೆನ್ಸರುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. 125 ಸಿಸಿ ಮೇಲಿನದಾದರೆ ಎಬಿಎಸ್ ಕೂಡ ಸೇರಿರುತ್ತದೆ. ಅಂಥದ್ದರಲ್ಲಿ ಬೇಡವೆನಿಸಿದ ವೈರನ್ನು ಕತ್ತರಿಸದೆ ಮಡಚಿ ಒಳಗೆ ಕಟ್ಟಿಡಿ, ಅಷ್ಟೇ. ಈ ಬರಹ ಕಾರ್ಬೊರೇಟರ್ ಕಾಲದ ಗಾಡಿಗಳಿಗೆ. ಕಾನೂನಿನ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ(4) ಕಲಂ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ಹೇಳುತ್ತದೆ. ಕೆಎ-06 ಇರಲಿ, ಕೆಎ-07 ಇರಲಿ, ಕೆಎ-40 ಇರಲಿ, ಎಫ್‌ಸಿಗೆ (ಫಿಟ್‌ನೆಸ್ ತಪಾಸಣೆಗೆ) ಹೋದಾಗ ಹೈ-ಲೋ ಹೆಡ್‌ಲೈಟ್, ಎರಡೂ ಬ್ರೇಕಿಗೆ ಹತ್ತುವ ಬ್ರೇಕ್ ಲೈಟ್, ಹಾರ್ನ್, ಇಂಡಿಕೇಟರ್, ನಂಬರ್ ಪ್ಲೇಟ್ ದೀಪ ಇರಲೇಬೇಕು. ಇವನ್ನೆಲ್ಲ ಕಿತ್ತು ‘ಸರಳ’ ಮಾಡುವುದು ಯಾರಿಗೂ ಬರುತ್ತದೆ.

ಸರಿ, ಪೇಪರ್ ತಗೊಳ್ಳಿ. ಏನೇನು ಉಳಿಯುತ್ತದೋ ಬರೆದು ಪಕ್ಕದಲ್ಲಿ ವ್ಯಾಟ್ ಬರೆಯಿರಿ, 12ರಿಂದ ಭಾಗಿಸಿ. 55 ವ್ಯಾಟಿನ ಹೆಡ್‌ಲೈಟ್ ಸುಮಾರು ನಾಲ್ಕೂವರೆ ಆಂಪ್. 21 ವ್ಯಾಟಿನ ಬ್ರೇಕ್ ಬಲ್ಬು ಒಂದೂಮುಕ್ಕಾಲು. 10 ವ್ಯಾಟಿನ ಎರಡು ಇಂಡಿಕೇಟರ್ ಸೇರಿ ಅಷ್ಟೇ. ಹಾರ್ನ್ ಎರಡರಿಂದ ಮೂರು ಆಂಪ್, ಇಗ್ನಿಷನ್ ಒಂದೆರಡು. ಎಲ್ಲ ಒಟ್ಟಿಗೆ ಓಡಿದರೂ ಹನ್ನೆರಡು ಆಂಪಿನ ಆಸುಪಾಸು. 6 ವೋಲ್ಟಿನ ಹಳೇ ಜಾವಾ-ಯೆಜ್ಡಿಗಳಲ್ಲಿ ಅದೇ ವ್ಯಾಟಿಗೆ ಇದರ ಎರಡರಷ್ಟು ಆಂಪ್ ಹರಿಯುತ್ತದೆ. ಆ ಗಾಡಿಗಳಲ್ಲಿ ದೀಪ ಮಂಕಾಗಿ ಉರಿಯುವುದಕ್ಕೆ ಬಲ್ಬಿಗಿಂತ ತೆಳು ವೈರು ಮತ್ತು ಹಳೇ ಜಾಯಿಂಟುಗಳ ಪಾಲೇ ಹೆಚ್ಚು.

ವೈರಿನ ದಪ್ಪದ ಲೆಕ್ಕ ಕಷ್ಟವಲ್ಲ. ಒಂದು ಸ್ಕ್ವೇರ್ ಎಂಎಂ ತಾಮ್ರದ ವೈರಿಗೆ ಮೀಟರಿಗೆ 0.017 ಓಮ್ ಅಡ್ಡಿ. ಹೆಡ್‌ಲೈಟಿಗೆ ಹೋಗಿ ಬರುವ ದಾರಿ ಒಟ್ಟು ಮೂರು ಮೀಟರ್, ಹರಿಯುವುದು 5 ಆಂಪ್ ಎಂದಿಟ್ಟುಕೊಂಡರೆ ಕಾಲು ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಅರ್ಧ ಎಂಎಂ ವೈರು ಎಳೆದರೆ ಅರ್ಧ ವೋಲ್ಟ್. ಜೊತೆಗೆ ಸುಟ್ಟ ಸ್ವಿಚ್ಚು, ತುಕ್ಕು ಹಿಡಿದ ಅರ್ಥ್ ಸೇರಿ ಒಂದು ವೋಲ್ಟ್ ದಾಟುವುದು ಸಲೀಸು. ಹ್ಯಾಲೊಜೆನ್ ಬಲ್ಬಿಗೆ ಸಿಗಬೇಕಾದ ವೋಲ್ಟೇಜಿನಲ್ಲಿ ಹತ್ತರಲ್ಲೊಂದು ಪಾಲು ಕಡಿಮೆಯಾದರೆ ಬೆಳಕು ಹೆಚ್ಚುಕಡಿಮೆ ಮೂವತ್ತು ಶೇಕಡಾ ಇಳಿಯುತ್ತದೆ. ದೀಪ ಸಾಲದು ಅಂತ 100 ವ್ಯಾಟ್ ಬಲ್ಬು ಹಾಕಿ ಹೋಲ್ಡರ್ ಕರಗಿಸುವ ಬದಲು ಮೊದಲು ಹೋಲ್ಡರಿನ ಎರಡು ತುದಿಗೆ ಮೀಟರ್ ಹಿಡಿದು ನೋಡಿ. ನನ್ನ ಲೆಕ್ಕ ಹೀಗೆ: ಹೆಡ್‌ಲೈಟ್ ಮತ್ತು ಹಾರ್ನಿಗೆ 1 ಎಂಎಂ, ಇಂಡಿಕೇಟರ್, ಬ್ರೇಕ್ ಲೈಟ್, ಮೀಟರಿಗೆ 0.5 ಅಥವಾ 0.75, ಬ್ಯಾಟರಿಯಿಂದ ಫ್ಯೂಸ್ ಬಾಕ್ಸಿಗೆ ಮತ್ತು ಮುಖ್ಯ ಅರ್ಥಿಗೆ 2.5. ಸೆಲ್ಫ್ ಮೋಟಾರಿನ ಕೇಬಲ್ ಕಂಪನಿ ಕೊಟ್ಟದ್ದಕ್ಕಿಂತ ತೆಳ್ಳಗಾಗಬಾರದು.

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಮನೆ ವೈರನ್ನು ಬೈಕಿಗೆ ಹಾಕಬೇಡಿ. ಅದರ ಎಳೆಗಳು ದಪ್ಪ, ಎಣಿಕೆಯಲ್ಲಿ ಕಡಿಮೆ. ಇಂಜಿನ್ನಿನ ಅದುರಿಗೆ ಥಿಂಬಲ್ಲಿನ ಬುಡದಲ್ಲೇ ಮುರಿಯುತ್ತದೆ. ಮಾಮೂಲಿ ಮನೆ ವೈರಿನ ಪಿವಿಸಿ 70 ಡಿಗ್ರಿಗೆ ಮಾಡಿದ್ದು. ಬೇಸಿಗೆ ಮಧ್ಯಾಹ್ನ ಪಾವಗಡದಲ್ಲಿ ಬಿಸಿಲಿಗೆ ನಿಂತ ಬೈಕಿನ ಟ್ಯಾಂಕಿನಡಿ, ಇಂಜಿನ್ ಹೆಡ್ಡಿನ ಪಕ್ಕ, ಅಷ್ಟು ಶಾಖಕ್ಕೆ ಹೆಚ್ಚು ಹೊತ್ತು ಬೇಡ. ಆಟೋ ವೈರು ಅಂತಲೇ ಕೇಳಿ, 105 ಡಿಗ್ರಿಯದ್ದು. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಬಣ್ಣಬಣ್ಣದ್ದು ಸಿಗುತ್ತದೆ. ಬಣ್ಣ ಸಿಗುವಷ್ಟೂ ಬೇರೆ ಬೇರೆ ತಗೊಳ್ಳಿ. ಎಲ್ಲ ಕಪ್ಪು ವೈರಿನಲ್ಲೇ ಮುಗಿಸಿದ ಬೈಕು ನೋಡಲು ಚೆಂದ, ರಿಪೇರಿಗೆ ಬಂದಾಗ ಶಾಪ.

ಈಗ ಫ್ಯೂಸ್. ಇದರ ಬಗ್ಗೆ ಗ್ಯಾರೇಜುಗಳಲ್ಲಿ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಫ್ಯೂಸ್ ಇರುವುದು ವೈರನ್ನು ಕಾಯಲಿಕ್ಕೆ. ಬ್ಯಾಟರಿ ಸಣ್ಣದಿದ್ದರೂ ಶಾರ್ಟ್ ಆದ ಕ್ಷಣ ನೂರಾರು ಆಂಪ್ ಸುರಿಯುತ್ತದೆ. ಬ್ಯಾಟರಿಯಿಂದ ಫ್ಯೂಸ್‌ವರೆಗಿನ ವೈರನ್ನು ಕಾಯುವವರು ಯಾರೂ ಇಲ್ಲ. ಆದ್ದರಿಂದ ಮುಖ್ಯ ಫ್ಯೂಸ್ ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಇರಬೇಕು. ಮೇಲಿನ ಲೆಕ್ಕದ ಬೈಕಿಗೆ ಮುಖ್ಯ ಫ್ಯೂಸ್ 15 ಆಂಪ್, ಅಂದರೆ ನೀಲಿ. ಅಲ್ಲಿಂದ ಮೂರು ದಾರಿ: ಹೆಡ್‌ಲೈಟಿಗೆ 10, ಹಾರ್ನ್-ಬ್ರೇಕ್-ಇಂಡಿಕೇಟರಿಗೆ 10, ಇಗ್ನಿಷನ್‌ಗೆ 5 ಅಥವಾ 7.5. ಒಂದೇ ಫ್ಯೂಸಿನಲ್ಲಿ ಇಡೀ ಬೈಕ್ ಓಡಿಸುವುದು ಸರಳವೇ, ಒಪ್ಪುತ್ತೇನೆ. ಆದರೆ ಹಾರ್ನ್ ವೈರು ಹ್ಯಾಂಡಲ್ಲಿಗೆ ಸಿಕ್ಕಿ ಸಿಪ್ಪೆ ಸುಲಿದರೆ ಹೆಡ್‌ಲೈಟೂ ಇಂಜಿನ್ನೂ ಒಟ್ಟಿಗೆ ಆಫ್. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಬಾಗೇಪಲ್ಲಿ ಕಡೆ ರಾತ್ರಿ ಎಂಬತ್ತರಲ್ಲಿ ಹೋಗುವಾಗ ಹಿಂದೊಂದು ಲಾರಿ ಇದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಸೆಲ್ಫ್ ಮೋಟಾರಿನ ದಪ್ಪ ಕೇಬಲ್ಲಿಗೆ ಮಾತ್ರ ಈ ಫ್ಯೂಸಿನ ಹಾದಿ ಬೇಡ. ಅದು ಬ್ಯಾಟರಿಯಿಂದ ನೇರ ಸ್ಟಾರ್ಟರ್ ರಿಲೇಗೆ, ಆದಷ್ಟು ಗಿಡ್ಡವಾಗಿ.

ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು, ಹಾಕಿದರೆ ವೈರು ಜಾಸ್ತಿಯಾಗುತ್ತದಲ್ಲ ಅನ್ನುವವರಿದ್ದಾರೆ. ಹೆಡ್‌ಲೈಟ್ ವಿಷಯದಲ್ಲಿ ಆಗಲಿ ಬಿಡಿ. ರಿಲೇ ಇಲ್ಲದಿದ್ದರೆ ನಾಲ್ಕೂವರೆ ಆಂಪ್ ಬ್ಯಾಟರಿಯಿಂದ ಕೀಗೆ, ಕೀಯಿಂದ ಹ್ಯಾಂಡಲ್ ಸ್ವಿಚ್ಚಿಗೆ, ಅಲ್ಲಿಂದ ಬಲ್ಬಿಗೆ ಸುತ್ತಬೇಕು. ರಿಲೇ ಇದ್ದರೆ ಸ್ವಿಚ್ಚಿನಲ್ಲಿ ಹರಿಯುವುದು ಕಾಯಿಲ್ಲಿಗೆ ಬೇಕಾದ 0.15 ಆಂಪ್ ಮಾತ್ರ. ತೆಳು ವೈರು, ಕಸ್ಟಮ್ ಹ್ಯಾಂಡಲ್ಲಿನ ಸಣ್ಣ ಸ್ವಿಚ್ಚು ಸಾಕು. ರಿಲೇಯ ಕಾಲುಗಳ ನಂಬರ್ ನೋಡಿ: 30ಕ್ಕೆ ಫ್ಯೂಸಿನಿಂದ ಬಂದ ವೈರು, 87ರಿಂದ ಬಲ್ಬಿಗೆ, 85-86 ಕಾಯಿಲ್. ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುವ ರಿಲೇ ಆದರೆ 86ಕ್ಕೇ ಪಾಸಿಟಿವ್ ಕೊಡಬೇಕು, ಉಲ್ಟಾ ಕೊಟ್ಟರೆ ಡಯೋಡ್ ಹಾರಿಹೋಗುತ್ತದೆ. ಹಳೇ ಬುಲೆಟ್ಟಿನ ಹೆಡ್‌ಲೈಟ್ ಮೇಲಿನ ಆಂಪ್ ಮೀಟರಿನ ಕಥೆಯೂ ಇದೇ: ಗಾಡಿಯ ಕರೆಂಟೆಲ್ಲ ಆ ಎರಡು ಪುಟ್ಟ ಸ್ಕ್ರೂಗಳ ಮೂಲಕ ಹಾಯುತ್ತದೆ. ನೋಟಕ್ಕೆ ಬೇಕಿದ್ದರೆ ಮೀಟರ್ ಇರಲಿ, ಕರೆಂಟಿಗೆ ಬೇರೆ ದಾರಿ ಮಾಡಿ, ಚಾರ್ಜಿಂಗ್ ನೋಡಲು ಒಂದು ವೋಲ್ಟ್ ಮೀಟರ್ ಇಡಿ.

ಮೋಟೋಗ್ಯಾಜೆಟ್‌ನ ಎಂ-ಯೂನಿಟ್‌ನಂಥ ಡಬ್ಬಿಗಳು ಫ್ಯೂಸ್, ರಿಲೇ, ಫ್ಲ್ಯಾಷರ್ (ಇಂಡಿಕೇಟರ್ ಮಿನುಗಿಸುವ ಭಾಗ) ಮೂರನ್ನೂ ನುಂಗಿ ಕೂರುತ್ತವೆ. ಕೆಲಸ ಅಚ್ಚುಕಟ್ಟು. ಆದರೆ ದಾರಿಯಲ್ಲಿ ಅದು ಕೈಕೊಟ್ಟರೆ ಮುಳಬಾಗಿಲಿನಲ್ಲಿ ಬದಲಿ ಸಿಗುವುದಿಲ್ಲ. ರಿಲೇ ಮತ್ತು ಬ್ಲೇಡ್ ಫ್ಯೂಸ್ ಯಾವ ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಸಿಗುತ್ತವೆ.

ಅರ್ಥ್ ಬಗ್ಗೆ ಸ್ವಲ್ಪ ನಿಲ್ಲಬೇಕು. ಫ್ರೇಮನ್ನೇ ನೆಗೆಟಿವ್ ಮಾಡಿಕೊಂಡರೆ ವೈರು ಉಳಿಯುತ್ತದೆ ನಿಜ. ಕಸ್ಟಮ್ ಬೈಕಿನ ಫ್ರೇಮಿಗೆ ಮಾತ್ರ ಹೊಸದಾಗಿ ಪೌಡರ್ ಕೋಟಿಂಗ್ ಆಗಿರುತ್ತದೆ, ಅದರ ಮೂಲಕ ಕರೆಂಟ್ ಹಾಯುವುದಿಲ್ಲ. ಹೆಡ್‌ಲೈಟಿನ ಅರ್ಥ್ ಫೋರ್ಕಿಗೆ ಕೊಟ್ಟಿದ್ದರೆ ಅದು ಸ್ಟೀರಿಂಗ್ ಕೋನ್‌ಸೆಟ್ಟಿನ ಗ್ರೀಸು ಮೆತ್ತಿದ ಗುಂಡುಗಳ ಮೂಲಕವೇ ಹಿಂತಿರುಗಬೇಕು. ಬ್ರೇಕ್ ಹಿಡಿದರೆ ಇಂಡಿಕೇಟರ್ ಮಂಕಾಗುವುದು, ಇಂಡಿಕೇಟರ್ ಹಾಕಿದರೆ ಟೈಲ್ ಲೈಟ್ ಕಣ್ಣು ಮಿಟುಕಿಸುವುದು, ಇವೆಲ್ಲ ಅರ್ಥ್ ಸಿಗದ ಕರೆಂಟು ಪಕ್ಕದ ಬಲ್ಬಿನ ಮೂಲಕ ದಾರಿ ಹುಡುಕುವ ಆಟ. ಪರಿಹಾರ: ಹೆಡ್‌ಲೈಟ್ ಡೋಮಿನಿಂದ ಒಂದು, ಟೈಲ್ ಕಡೆಯಿಂದ ಒಂದು, ಆರ್‌ಆರ್ ಯೂನಿಟ್ಟಿನಿಂದ (ಎಸಿಯನ್ನು ಡಿಸಿ ಮಾಡಿ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್-ರೆಕ್ಟಿಫೈಯರ್) ಒಂದು ವೈರು ಎಳೆದು ಬ್ಯಾಟರಿ ಪಕ್ಕದ ಒಂದೇ ಬೋಲ್ಟಿಗೆ ತನ್ನಿ. ಆ ಬೋಲ್ಟಿನಿಂದ ಬ್ಯಾಟರಿ ನೆಗೆಟಿವ್‌ಗೆ, ಬ್ಯಾಟರಿಯಿಂದ ಇಂಜಿನ್ ಕೇಸಿಗೆ ದಪ್ಪ ಕೇಬಲ್. ಬೋಲ್ಟ್ ಕೂರುವ ಜಾಗದಲ್ಲಿ ಪೇಂಟ್ ಕೆರೆದು ಹೊಳೆಯುವ ಲೋಹ ಕಾಣಬೇಕು. ಸ್ಟಾರ್ ವಾಷರ್ ಹಾಕಿ ಬಿಗಿದು ಮೇಲೆ ವ್ಯಾಸಲೀನ್ ಸವರಿ. ಇಂಜಿನ್ ಕೇಬಲ್ ಮರೆತವರ ಗಾಡಿಯಲ್ಲಿ ಸೆಲ್ಫ್ ಒತ್ತಿದಾಗ ಕರೆಂಟು ಕ್ಲಚ್ ಕೇಬಲ್ಲಿನ ಮೂಲಕ ವಾಪಸ್ ಹೋಗುತ್ತದೆ. ಕ್ಲಚ್ ಕೇಬಲ್ ಬಿಸಿಯಾಗಿ ಹೊಗೆ ಬಂದರೆ ಬೇರೆಲ್ಲೂ ಹುಡುಕಬೇಡಿ.

ಇಗ್ನಿಷನ್‌ಗೆ ಕೈ ಹಾಕುವಾಗ ಒಂದು ವಿಷಯ ಗೊತ್ತಿಲ್ಲದಿದ್ದರೆ ಸಿಡಿಐ, ಅಂದರೆ ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಕೊಡಿಸುವ ಎಲೆಕ್ಟ್ರಾನಿಕ್ ಡಬ್ಬಿ, ಹೋಗುತ್ತದೆ. ಆರ್‌ಎಕ್ಸ್ 100ರಂಥ ಹಳೇ ಎಸಿ ಸಿಡಿಐ ಗಾಡಿಗಳಲ್ಲಿ ಸಿಡಿಐಗೆ ಬೇಕಾದ ಕರೆಂಟು, ಇಂಜಿನ್ ತಿರುಗಿದಾಗ ಕರೆಂಟು ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್ಲಿನಿಂದಲೇ ಬರುತ್ತದೆ. ಕೀ ಮಾಡುವ ಕೆಲಸ ಇಂಜಿನ್ ನಿಲ್ಲಿಸುವುದು. ಆಫ್ ಮಾಡಿದಾಗ ಸಿಡಿಐಯ ಸ್ಟಾಪ್ ವೈರು ಅರ್ಥಿಗೆ ಕೂಡುತ್ತದೆ, ಆನ್ ಮಾಡಿದಾಗ ಬಿಡುತ್ತದೆ. ಡಿಸಿ ಸಿಡಿಐ ಗಾಡಿಗಳಲ್ಲಿ ಇದು ತಿರುಗುಮುರುಗು: ಕೀ ಮತ್ತು ಕಿಲ್ ಸ್ವಿಚ್ ಒಂದರ ಹಿಂದೊಂದು ನಿಂತು 12 ವೋಲ್ಟ್ ಕೊಡುತ್ತವೆ. ಚೆಂದದ ಹೊಸ ಕೀ ಸ್ವಿಚ್ಚು ತಂದು ಎರಡೇ ವೈರಿನಲ್ಲಿ ಮುಗಿಸಲು ಹೋಗಿ ಎಸಿ ಸಿಡಿಐಯ ಸ್ಟಾಪ್ ವೈರಿಗೆ ಬ್ಯಾಟರಿಯ 12 ವೋಲ್ಟ್ ಕೊಟ್ಟರೆ ಸಿಡಿಐ ಸುಡುತ್ತದೆ. ಆ ವೈರನ್ನು ಬೇಡವೆಂದು ಕತ್ತರಿಸಿದರೆ ಬೈಕ್ ಸ್ಟಾರ್ಟ್ ಆಗುತ್ತದೆ, ನಿಲ್ಲಿಸಲು ಆಗುವುದಿಲ್ಲ. ಆಕ್ಸಿಲರೇಟರ್ ಕೇಬಲ್ ಸಿಕ್ಕಿಕೊಂಡ ದಿನ ಅದರ ಬೆಲೆ ತಿಳಿಯುತ್ತದೆ. ಯಾವ ಬಗೆ ಎಂದು ನೋಡುವುದು ಸುಲಭ. ಬ್ಯಾಟರಿ ಬಿಚ್ಚಿ, ಸಿಡಿಐ ಕಪ್ಲರ್ ಬಿಚ್ಚಿ, ಕಿಲ್ ಸ್ವಿಚ್ ರನ್‌ನಲ್ಲಿಟ್ಟು, ಕೀ ಕಡೆಯಿಂದ ಬಂದ ವೈರಿಗೂ ಫ್ರೇಮಿಗೂ ಮಲ್ಟಿಮೀಟರ್ ಬೀಪ್ ಇಡಿ. ಕೀ ಆಫ್ ಇದ್ದಾಗ ಬೀಪ್, ಆನ್ ಮಾಡಿದರೆ ಸುಮ್ಮನಾದರೆ ಅದು ಎಸಿ ಸಿಡಿಐ.

ಚಾರ್ಜಿಂಗಿನಲ್ಲೂ ಇಂಥದ್ದೇ ಎರಡು ಬಗೆ. ಹಳೇ 100 ಸಿಸಿ ಗಾಡಿಗಳಲ್ಲಿ ಹೆಡ್‌ಲೈಟ್ ಮ್ಯಾಗ್ನೆಟ್ಟಿನಿಂದ ನೇರ ಎಸಿಯಲ್ಲಿ ಉರಿಯುತ್ತದೆ, ಇಂಜಿನ್ ನಿಧಾನವಾದರೆ ದೀಪವೂ ಸೊರಗುತ್ತದೆ. ಡಿಸಿಯ ಎಲ್‌ಇಡಿ ಹೆಡ್‌ಲೈಟ್ ತಂದು ಆ ವೈರಿಗೆ ಕೊಟ್ಟರೆ ಮಿನುಗಿ ಮಿನುಗಿ ಸಾಯುತ್ತದೆ. ಬ್ಯಾಟರಿ ಕಡೆಗೆ ತಿರುಗಿಸಿದರೆ ದೀಪವೇನೋ ಚೆನ್ನಾಗಿ ಉರಿಯುತ್ತದೆ, ಆದರೆ ಆ ಗಾಡಿಯ ಹಾಫ್ ವೇವ್ (ಎಸಿ ಅಲೆಯ ಅರ್ಧವನ್ನಷ್ಟೇ ಬಳಸುವ) ಚಾರ್ಜಿಂಗ್ ಅಷ್ಟು ಹೊರೆ ಹೊರುವುದಿಲ್ಲ, ರಾತ್ರಿ ಓಡಿಸಿದಷ್ಟೂ ಬ್ಯಾಟರಿ ಇಳಿಯುತ್ತದೆ. ಸರಿಯಾದ ಕ್ರಮ ಎಂದರೆ ಮ್ಯಾಗ್ನೆಟ್ಟಿನ ಒಳಗಿರುವ ಪ್ಲೇಟ್ ಕಾಯಿಲ್ಲಿನ ಸುತ್ತಿನ ಅರ್ಥ್ ತುದಿಯನ್ನು ಬಿಡಿಸಿ ಹೊರಕ್ಕೆ ತಂದು, ಎರಡೂ ತುದಿಯನ್ನು ಫುಲ್ ವೇವ್ ಆರ್‌ಆರ್ ಯೂನಿಟ್ಟಿಗೆ ಕೊಡುವುದು. ಇದನ್ನು ರಿವೈಂಡಿಂಗ್ ಮಾಡುವವರ ಕೈಲಿ ಮಾಡಿಸಿ. ಆಯಿಲ್ ಬಿಸಿಗೆ ಮಾಮೂಲಿ ಸ್ಲೀವ್ ನಿಲ್ಲುವುದಿಲ್ಲ.

ಇನ್ನೊಂದು ಸಂಗತಿ ಬಹಳ ಜನ ನಂಬುವುದಿಲ್ಲ. ಎಲ್ಲ ಬಲ್ಬು ಎಲ್‌ಇಡಿ ಮಾಡಿದರೆ ಆರ್‌ಆರ್ ಯೂನಿಟ್ ತಣ್ಣಗಾಗುವ ಬದಲು ಇನ್ನೂ ಬಿಸಿಯಾಗುತ್ತದೆ. ಬೈಕುಗಳಲ್ಲಿ ಹೆಚ್ಚಾಗಿ ಇರುವ ಶಂಟ್ ಬಗೆಯ ಯೂನಿಟ್ಟು ಖರ್ಚಾಗದೆ ಉಳಿದ ಕರೆಂಟನ್ನು ತನ್ನೊಳಗೇ ಶಾರ್ಟ್ ಮಾಡಿ ಕಳೆಯುತ್ತದೆ. ಹೊರೆ ಕಡಿಮೆಯಾದಷ್ಟೂ ಅದರ ಪಾಲು ಜಾಸ್ತಿ. ಅಂದ ಕೆಡುತ್ತದೆಂದು ಅದನ್ನು ಸೀಟಿನಡಿ ಸ್ಪಂಜಿನಲ್ಲಿ ಸುತ್ತಿಟ್ಟವರೇ ಪದೇ ಪದೇ ಹೊಸದು ಕೊಳ್ಳುವುದು. ಗಾಳಿ ಬಡಿಯುವ ಕಡೆ, ಲೋಹಕ್ಕೆ ಅಂಟಿಸಿ ಬಿಗಿಯಿರಿ. ಇಂಜಿನ್ ಏರಿಸಿದಾಗ ಬ್ಯಾಟರಿ ತುದಿಯಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. 15 ದಾಟಿದರೆ ಬ್ಯಾಟರಿ ಕುದಿಯುತ್ತದೆ. ಹಗುರ ಅಂತ ಲಿಥಿಯಂ ಬ್ಯಾಟರಿ ಹಾಕಿದವರಿಗೆ ಇದು ಇನ್ನೂ ಅಪಾಯ.

ಎಲ್‌ಇಡಿ ಇಂಡಿಕೇಟರಿಗೆ ಹಳೇ ಫ್ಲ್ಯಾಷರ್ ಸರಿಹೋಗುವುದಿಲ್ಲ. ಒಂದೋ ಹತ್ತಿಯೇ ಇರುತ್ತದೆ, ಇಲ್ಲವೇ ಚಟಪಟ ಹೊಡೆಯುತ್ತದೆ. ಇದಕ್ಕೆ ರೆಸಿಸ್ಟರ್ ಕಟ್ಟುವುದು ಕಾಸು ಕೊಟ್ಟು ಬೆಂಕಿ ಇಟ್ಟುಕೊಂಡಂತೆ. ಎಲೆಕ್ಟ್ರಾನಿಕ್ ಫ್ಲ್ಯಾಷರ್ ಹಾಕಿ. ಆಮೇಲೂ ಎಡಕ್ಕೆ ಹಾಕಿದರೆ ನಾಲ್ಕೂ ಮಿನುಗುತ್ತಿದ್ದರೆ ಸ್ವಿಚ್ಚನ್ನು ಬೈಯಬೇಡಿ. ಸ್ಪೀಡೋಮೀಟರಿನಲ್ಲಿ ಒಂದೇ ಇಂಡಿಕೇಟರ್ ದೀಪ ಇರುವ ಗಾಡಿಯಲ್ಲಿ ಆ ಬಲ್ಬಿನ ಒಂದು ಕಾಲು ಎಡ ವೈರಿಗೆ, ಇನ್ನೊಂದು ಬಲ ವೈರಿಗೆ ಸೇರಿರುತ್ತದೆ. ಎಲ್‌ಇಡಿಗೆ ಬೇಕಾದ ಚೂರು ಕರೆಂಟು ಆ ಬಲ್ಬಿನ ಮೂಲಕವೇ ಆಚೆ ಬದಿಗೆ ದಾಟುತ್ತದೆ. ಎರಡು 1ಎನ್4007 ಡಯೋಡ್ ತನ್ನಿ. ಎಡ ವೈರಿನಿಂದ ಒಂದು, ಬಲ ವೈರಿನಿಂದ ಒಂದು. ಎರಡರ ಪಟ್ಟೆ ಇರುವ ತುದಿ ಒಟ್ಟಿಗೆ ಸೇರಿಸಿ ಬಲ್ಬಿಗೆ, ಬಲ್ಬಿನ ಇನ್ನೊಂದು ಕಾಲು ಅರ್ಥಿಗೆ. ಅಲ್ಲಿಗೆ ಮುಗಿಯಿತು.

ಸೈಡ್ ಸ್ಟ್ಯಾಂಡ್ ಸ್ವಿಚ್, ಕ್ಲಚ್ ಸ್ವಿಚ್, ನ್ಯೂಟ್ರಲ್ ಸ್ವಿಚ್ ಮೂರನ್ನೂ ಮೊದಲ ದಿನವೇ ಕಿತ್ತು ಜಂಪರ್ ಹಾಕುವ ಅಭ್ಯಾಸ ಬಿಡಿ. ಸ್ಟ್ಯಾಂಡ್ ಇಳಿದೇ ಇರುವ ಬೈಕು ಎಡ ತಿರುವಿನಲ್ಲಿ ನೆಲಕ್ಕೆ ಊರಿ ಸವಾರನನ್ನು ಎಸೆಯುತ್ತದೆ. ಸ್ವಿಚ್ಚಿಗೆ ಮಣ್ಣು ತುಂಬಿ ಕಾಟ ಕೊಡುತ್ತಿದ್ದರೆ ತೊಳೆದು ಎಣ್ಣೆ ಬಿಡಿ, ಇಲ್ಲವೇ ಹೊಸದು ಹಾಕಿ.

ಇನ್ನು ಜಾಯಿಂಟು. ಹಲ್ಲಿನಲ್ಲಿ ಸಿಪ್ಪೆ ಸುಲಿದು, ಪ್ಲೇಯರಿನಲ್ಲಿ ಥಿಂಬಲ್ ಚಪ್ಪಟೆ ಮಾಡಿ, ಟೇಪ್ ಸುತ್ತಿದ್ದು ಜಾಯಿಂಟಲ್ಲ. ಒಳ್ಳೇ ಥಿಂಬಲ್ಲನ್ನು ಹತ್ತಿರದಿಂದ ನೋಡಿ: ಹಿಂಭಾಗದಲ್ಲಿ ಎರಡು ಜೊತೆ ರೆಕ್ಕೆ ಇರುತ್ತವೆ. ಮುಂದಿನ ಜೊತೆ ತಾಮ್ರದ ಎಳೆಗಳನ್ನು ಹಿಡಿಯಲು, ಹಿಂದಿನ ಜೊತೆ ಪಿವಿಸಿ ಸಿಪ್ಪೆಯನ್ನು ಅಪ್ಪಲು. ಅದುರನ್ನು ತಡೆಯುವುದು ಹಿಂದಿನದು. ರ‍್ಯಾಚೆಟ್ ಕ್ರಿಂಪರ್ ಒತ್ತಿದಾಗ ಮುಂದಿನ ರೆಕ್ಕೆಗಳು ಒಳಕ್ಕೆ ಸುರುಳಿ ಸುತ್ತಿ ಎಳೆಗಳ ನಡುವೆ ಇಳಿಯಬೇಕು, ಥಿಂಬಲ್ಲಿನ ಮುಂದೆ ಒಂದು ಮಿ.ಮೀ. ತಾಮ್ರ ಇಣುಕಬೇಕು, ಒಂದು ಎಳೆಯೂ ಹೊರಗೆ ಉಳಿಯಬಾರದು. ಆಮೇಲೆ ಜೋರಾಗಿ ಎಳೆಯಿರಿ. ಬಂದುಬಿಟ್ಟರೆ ಒಳ್ಳೇದೇ ಆಯಿತು, ಕೋಲಾರದ ಹೆದ್ದಾರಿಯಲ್ಲಿ ಬರುವುದು ತಪ್ಪಿತು. ಬೆಸುಗೆ ಹಾಕಿದರೆ ಗಟ್ಟಿ ಅನ್ನುವುದು ಅರ್ಧ ಸತ್ಯ. ಸೀಸ ಎಳೆಗಳ ನಡುವೆ ಒಳಕ್ಕೆ ಹರಿದು ವೈರನ್ನು ಕಡ್ಡಿ ಮಾಡುತ್ತದೆ, ಆ ಕಡ್ಡಿ ಮುಗಿಯುವ ಜಾಗದಲ್ಲೇ ಅದುರಿಗೆ ತುಂಡಾಗುತ್ತದೆ. ಬೆಸೆಯಲೇಬೇಕಾದಲ್ಲಿ ಆಚೀಚೆ ಒಂದಿಂಚು ಅಲುಗದಂತೆ ಕಟ್ಟಿ. ಮೇಲೆ ಒಳಗಡೆ ಅಂಟಿರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರು ಜಿಲ್ಲೆಗಳ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ವಾಟರ್ ಸರ್ವಿಸ್‌ನಲ್ಲಿ ಪ್ರೆಷರ್ ಗನ್ ಹಿಡಿದು ಹೆಡ್‌ಲೈಟ್ ಕೆಳಗೆ ಹೊಡೆದರೆ ಕಪ್ಲರ್ ಒಳಗೆ ಹೋದ ನೀರು ಆರಿ ಬಿಳಿ ಪೊರೆ ಬಿಡುತ್ತದೆ, ಪಿನ್ನು ಹಸಿರಾಗುತ್ತದೆ. ರಬ್ಬರ್ ಸೀಲ್ ಇರುವ ಕಪ್ಲರ್ ಹಾಕಿ, ಬಾಯಿ ಕೆಳಮುಖವಾಗಿರಲಿ, ವೈರು ಕಪ್ಲರಿಗೆ ಸೇರುವ ಮುಂಚೆ ಸ್ವಲ್ಪ ಕೆಳಕ್ಕೆ ಜೋತು ಮೇಲೇರಲಿ. ನೀರು ಆ ಜೋತಿನಲ್ಲೇ ತೊಟ್ಟಿಕ್ಕುತ್ತದೆ. ಪಿವಿಸಿ ಟೇಪ್ ಬೇಸಿಗೆಗೆ ಅಂಟಂಟಾಗಿ ಬಿಚ್ಚಿಕೊಳ್ಳುವುದರಿಂದ ಬಟ್ಟೆಯ ಹಾರ್ನೆಸ್ ಟೇಪ್ ಬಳಸಿ. ಹಟ್ಟಿಯಲ್ಲೋ ರಾಗಿ ಹುಲ್ಲಿನ ಬಣವೆ ಪಕ್ಕದಲ್ಲೋ ಗಾಡಿ ನಿಲ್ಲಿಸುವವರು ಇಲಿ ನೆನಪಿಟ್ಟುಕೊಂಡು ಸೀಟಿನಡಿಯ ಭಾಗಕ್ಕೆ ಗಟ್ಟಿ ಕಾರುಗೇಟೆಡ್ ಸ್ಲೀವ್ ತೊಡಿಸುವುದು ಒಳ್ಳೆಯದು. ಸೈಲೆನ್ಸರ್ ಬೆಂಡಿನಿಂದ ನಾಲ್ಕು ಬೆರಳು ದೂರವಿರಲಿ. ಹ್ಯಾಂಡಲ್ ಒಳಗಿಂದ ವೈರು ಎಳೆಯಲು ತೂತು ಕೊರೆದರೆ ಅಂಚು ಉಜ್ಜಿ ರಬ್ಬರ್ ಗ್ರಾಮೆಟ್ ಹಾಕದೆ ಮುಂದುವರಿಯಬೇಡಿ. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ; ಎಲ್ಲೂ ವೈರು ಬಿಗಿಯಬಾರದು.

ಕೆಲಸದ ಕ್ರಮದಲ್ಲಿ ನನ್ನ ಸಲಹೆ, ಹೊಸದಾಗಿ ಹೆಣೆಯುವ ಬದಲು ಇರುವ ಕಿಟ್ಟನ್ನೇ ಕಿರಿದಾಗಿಸಿ. ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿ. ಪಾಸಿಟಿವ್ ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಫ್ರೇಮಿಗೆ ತಾಗಿ ಕಿಡಿ ಹಾರುತ್ತದೆ, ಪೆಟ್ರೋಲ್ ಟ್ಯಾಂಕು ಬೇರೆ ಪಕ್ಕದಲ್ಲೇ. ಫೋಟೋ ತೆಗೆದು, ಪ್ರತಿ ತುದಿಗೂ ಚೀಟಿ ಕಟ್ಟಿ, ಟೇಪ್ ಬಿಚ್ಚಿ, ಬೇಡದ ಒಂದು ಕವಲನ್ನು ಕಪ್ಲರಿನ ಪಿನ್ನಿನಿಂದಲೇ ಬಿಡಿಸಿ ತೆಗೆಯಿರಿ. ಮಧ್ಯಕ್ಕೆ ಕತ್ತರಿಸಿದರೆ ಇನ್ನೊಂದು ಜಾಯಿಂಟಿಗೆ ಆಹ್ವಾನ. ಒಂದು ಕವಲು ತೆಗೆದಾಗಲೊಮ್ಮೆ ಎಲ್ಲವನ್ನೂ ಪರೀಕ್ಷಿಸಿ, ಆಮೇಲೆ ಮುಂದಿನದು.

ಮೊದಲ ಸಲ ಕರೆಂಟ್ ಕೊಡುವಾಗ ಮುಖ್ಯ ಫ್ಯೂಸಿನ ಜಾಗದಲ್ಲಿ 12 ವೋಲ್ಟ್ 21 ವ್ಯಾಟಿನ ಬಲ್ಬು ಸೇರಿಸಿ. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಜೋರಾಗಿ ಉರಿಯುತ್ತದೆ. ಒಂದೂಮುಕ್ಕಾಲು ಆಂಪಿಗಿಂತ ಹೆಚ್ಚು ಹರಿಯಲು ಅದು ಬಿಡುವುದಿಲ್ಲವಾದ್ದರಿಂದ ಏನೂ ಸುಡುವುದಿಲ್ಲ. ಕೀ ಆಫ್ ಇದ್ದಾಗ ಬಲ್ಬು ಹತ್ತಲೇಬಾರದು. ಕೀ ಆನ್ ಮಾಡಿ ಒಂದೊಂದೇ ಸ್ವಿಚ್ ಹಾಕಿ. ಹೆಡ್‌ಲೈಟ್ ಹಾಕಿದಾಗ ಈ ಬಲ್ಬು ಜೋರಾಗಿಯೇ ಉರಿದು ಹೆಡ್‌ಲೈಟ್ ತೀರಾ ಮಂಕಾಗಿರುವುದು ಸಹಜ. ಎಲ್ಲ ಸರಿ ಕಂಡ ಮೇಲೆ ಫ್ಯೂಸ್. ಬಳಿಕ ಕೀ ಆಫ್ ಮಾಡಿ, ಬ್ಯಾಟರಿ ನೆಗೆಟಿವ್ ಬಿಚ್ಚಿ ಮಧ್ಯೆ ಮೀಟರ್ ಸೇರಿಸಿ, ಮೊದಲು 10 ಆಂಪ್ ರೇಂಜ್, ಆಮೇಲೆ ಮಿಲಿಆಂಪ್. ಅಲಾರಂ, ಗಡಿಯಾರ ಇಲ್ಲದ ಹಳೇ ಬೈಕಿನಲ್ಲಿ ಒಂದೆರಡು ಮಿಲಿಆಂಪ್ ದಾಟಿದರೆ ಎಲ್ಲೋ ಸೋರಿಕೆ ಇದೆ, ಹೆಚ್ಚಾಗಿ ಆರ್‌ಆರ್ ಯೂನಿಟ್ಟಿನಲ್ಲಿ. ಮೀಟರ್ ಮಿಲಿಆಂಪಿನಲ್ಲಿರುವಾಗ ಕೀ ಆನ್ ಮಾಡಿದರೆ ಮೀಟರಿನ ಫ್ಯೂಸ್ ಹೋಗುತ್ತದೆ.

ಮುನ್ನೂರು ಕಿಲೋಮೀಟರ್ ಓಡಿದ ಮೇಲೆ ಸೀಟು ಬಿಚ್ಚಿ ಅರ್ಥ್ ಬೋಲ್ಟು, ಬ್ಯಾಟರಿ ಟರ್ಮಿನಲ್ ಇನ್ನೊಮ್ಮೆ ಬಿಗಿಯಿರಿ. ದೀಪವೆಲ್ಲ ಹಾಕಿ ಹತ್ತು ನಿಮಿಷ ಇಂಜಿನ್ ಓಡಿಸಿ, ಆಫ್ ಮಾಡಿ ಕಪ್ಲರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಉಳಿದವಕ್ಕಿಂತ ಬಿಸಿಯಾಗಿರುವುದನ್ನು ಬಿಚ್ಚಿ ಥಿಂಬಲ್ ಬದಲಿಸಿ. ನೀವು ಬರೆದ ವೈರಿಂಗ್ ಚಿತ್ರವನ್ನು ಬಣ್ಣದ ಹೆಸರುಗಳ ಸಮೇತ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಎರಡು ನೀಲಿ, ಎರಡು ಕೆಂಪು ಫ್ಯೂಸ್ ಮತ್ತು ಒಂದು ರಿಲೇ ಜೊತೆಗೆ ಬ್ಯಾಟರಿ ಪಕ್ಕ ಸಿಕ್ಕಿಸಿಡಿ.